ಎದೆಯ ಮೇಲಿನ ಅಕ್ಷರ ಮತ್ತು ನಮ್ಮ ಸೋದರಮಾವ

ಬೆಳಿಗ್ಗೆ ಎದ್ದು ಅಂಗಳ ಸಾರಿಸಿದೆ. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆಗೂ ಸಾಲು. ನಿಂತು ಅರ್ಧ ಬಾಟಲಿ ತಂದೆ. ಬಾಣಂತಿ ತಂಗಿಗೆ ನೀರು ಹಾಕಿದೆ, ಕೂಸಿನ ಬಟ್ಟೆ ಒಗೆದು ಹರವಿದೆ. ಅಮೆರಿಕದವರು ಲಿಂಗವಂತರಲ್ಲ ಎಂದು ನಮ್ಮ ಸೋದರಮಾವನನ್ನು ಒಪ್ಪಿಸುವ ಕೆಲಸವೊಂದು ಮಾತ್ರ ಇವತ್ತೂ ಆಗಲಿಲ್ಲ.

ಮಾವ ಆದವಾನಿಯ ಹತ್ತಿ ವ್ಯಾಪಾರಿ, ಇಂಗ್ಲಿಷ್ ಬಲ್ಲವರು. ಸಾಲೆಯ ಮೇಷ್ಟ್ರೊಬ್ಬರು ಓದಲು ಹಳೆಯ ಅಮೆರಿಕನ್ ಕಾದಂಬರಿಯೊಂದನ್ನು ಕೊಟ್ಟರು. ಮಾವ ಸುಮ್ಮನೆ ಓದಬಾರದೆ? ಕೈಕಾಲು ತೊಳೆದು, ವಿಭೂತಿ ಹಚ್ಚಿ, ಪುರಾಣದ ಹಾಗೆ ಓದಿ ನಮಗೆಲ್ಲ ಅರ್ಥ ಹೇಳುವುದು. ಗುರುತಿಗೆ ಹತ್ತಿ: ಪಾಪದ ಪುಟಕ್ಕೆ ಗಿಡ್ಡ ಎಳೆಯದು, ಪುಣ್ಯದ ಪುಟಕ್ಕೆ ಉದ್ದ ಎಳೆಯದು. ಪುಸ್ತಕ ಈಗ ದಿಂಬಿನ ಗಾತ್ರ ಆಗಿದೆ.

ಕಥೆ ಇಷ್ಟು. ಒಬ್ಬಾಕೆಗೆ ಮದುವೆಯಾಚೆ ಕೂಸು. ಊರವರು ಅವಳ ಎದೆಗೆ ಬಟ್ಟೆಯ ಅಕ್ಷರವೊಂದನ್ನು ಹಚ್ಚಿ ನಿಲ್ಲಿಸುತ್ತಾರೆ. ತಂದೆ ಯಾರೆಂದು ಅವಳು ಹೇಳುವುದಿಲ್ಲ. ತಂದೆ ಆ ಊರಿನ ಗುರುವೇ, ಅವನೂ ಹೇಳುವುದಿಲ್ಲ.

"ಅದು ಅಕ್ಷರ ಅಲ್ಲ, ಲಿಂಗ," ಎಂದರು ಮಾವ.

"ಅದಿ ಕಾದು, ಲಿಂಗ ಅಲ್ಲ ಸಾಹುಕಾರ್ರೆ, ಅದು ಪಾಪದ ಗುರುತು," ಎಂದು ಮೇಷ್ಟ್ರು ತೆಲುಗು ಬೆರೆಸಿ ಬೇಡಿಕೊಂಡರು.

"ಎದಿ ಮ್ಯಾಲ ಯಾರರ ಪಾಪ ಕಟ್ಟಿಕೊಂತಾರೇನ್ರಿ? ಊರವ್ರು ಪಾಪ ಅಂತ ಕೊಟ್ರು. ಆಕಿ ಜರಿ ಹಾಕಿ ಹೊಲಕೊಂಡ್ಲು, ಏಳು ವರ್ಷ ತೆಗೀಲಿಲ್ಲ. ಇದು ನಿಷ್ಠೆ ಅಲ್ಲಂದ್ರ ಮತ್ತೇನು?"

ಮೇಷ್ಟ್ರು ಪುಸ್ತಕ ವಾಪಸ್ಸು ಕೇಳುವುದನ್ನೇ ಬಿಟ್ಟರು. ಅತ್ತೆ ಬಿಡುವವರಲ್ಲ. "ಹಂಗಾದ್ರ ನಿಮ್ಮ ಪುಸ್ತಕದ ಶರಣಮ್ಮನ್ನ ಊಟಕ್ಕ ಕರೀರಿ. ನಾಕು ರೊಟ್ಟಿ ಬಡದು ಹೋಗಲಿ."

ಈ ಸಲ ತಂಗಿ ಮಾತ್ರ ನಗಲಿಲ್ಲ. ಕೌತಾಳದ ಗಂಡನ ಮನೆಯವರು ಕೂಸು ತಮ್ಮದಲ್ಲ ಎಂದು ಹೇಳಿ ಕಳಿಸಿದ್ದರು. ಹುಟ್ಟಿದ ಕೂಸಿಗೆ ಲಿಂಗ ಕಟ್ಟಬೇಕಾದ ಮಠದ ಅಯ್ಯನವರು, "ಅವರ ಕಡಿಂದ ಮಾತು ಬರಲಿ" ಎಂದು ಹನ್ನೆರಡು ದಿನ ತಳ್ಳಿದ್ದರು. ನಾಳೆ ತೊಟ್ಟಿಲು. ಲಿಂಗವಿಲ್ಲದ ಕೂಸಿಗೆ ಹೆಸರಿಡಲು ಓಣಿಯವರು ಯಾರು ಬರುತ್ತಾರೆ? ತಂಗಿ ಮಾತೇ ಬಿಟ್ಟಿದ್ದಳು.

ಇವತ್ತು ಮಾವ ಅಯ್ಯನವರನ್ನು ಕರೆತಂದು ಕೂರಿಸಿ, ಗಿಡ್ಡ ಎಳೆಯ ಪುಟವೊಂದನ್ನು ತೆರೆದರು.

"ಈ ಗುರು ನಾಕು ಮಂದಿಗೆ ಹೆದರಿ ಏಳು ವರ್ಷ ಬಾಯಿ ಬಿಡಲಿಲ್ರಿ ಅಯ್ನೋರ. ಎದಿ ಹಿಡಕೊಂಡು ಒಣಗಿ ಒಣಗಿ ಸತ್ತ."

ಅಯ್ಯನವರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. "ನನಗೂ ನಾಕು ಮಂದಿ ಅದಾರಪ್ಪ," ಎಂದರು ಮೆಲ್ಲಗೆ.

ಮಾವನ ಹತ್ತಿರ ಇನ್ನೆಷ್ಟೋ ಪುಟಗಳಿದ್ದವು. ತೆರೆಯಲಿಲ್ಲ. ಅಂಗಿಯ ಗುಂಡಿ ಬಿಚ್ಚಿ, ತಮ್ಮ ಕೊರಳಲ್ಲಿದ್ದ ಲಿಂಗದ ದಾರಕ್ಕೇ ಕೈ ಹಾಕಿದರು. ಲಿಂಗ ಮೈಬಿಟ್ಟರೆ ನಮ್ಮವರಲ್ಲಿ ಜೀವ ಬಿಟ್ಟ ಹಾಗೆ. ಅತ್ತೆ ಒಲೆ ಬಿಟ್ಟು ಓಡಿ ಬಂದರು.

"ಹೊಸಾದು ಕಟ್ಟಾಕ ನಿಮಗ ಆಗದಿದ್ರ ಇದನ್ನ ಕಟ್ರಿ. ಅರವತ್ತು ವರ್ಷ ನನ್ನ ಕಾದೈತಿ. ಇನ್ನ ಕೂಸನ್ನ ಕಾಯಲಿ."

ಅಯ್ಯನವರು ಎದ್ದು ಬಂದು ಮಾವನ ಕೈ ಹಿಡಿದುಕೊಂಡರು. ದಾರ ಬಿಚ್ಚಲು ಬಿಡಲಿಲ್ಲ. ಆಮೇಲೆ ಜೋಳಿಗೆಯಿಂದ ಹೊಸ ಲಿಂಗ ತೆಗೆದು, "ಕೂಸನ್ನ ತಾರವ್ವಾ," ಎಂದರು.

"ತಂದೆನ್ರಿ," ಎಂದಳು ತಂಗಿ, ಕೂಸನ್ನು ಎತ್ತಿಕೊಂಡು.

ಮಧ್ಯಾಹ್ನ ಗೋಧಿ ಹುಗ್ಗಿ, ತುಪ್ಪ, ಶೇಂಗಾ ಚಟ್ನಿ. ಅಯ್ಯನವರು ಮೂರು ಸಲ ಹಾಕಿಸಿಕೊಂಡರು. ಮಾವ ಎರಡೇ ತುತ್ತು ತಿಂದು ಕೂಸಿನ ಚಾಪೆಯ ಅಂಚಿಗೆ ಒರಗಿದರು. ಮೊದಲು ನಿದ್ದೆ ಹೋಗಿ ಗೊರಕೆ ಹೊಡೆದವರೂ ಅವರೇ. ಕೂಸು ಅವರ ಬೆರಳು ಹಿಡಿದುಕೊಂಡು, ಕಣ್ಣು ಬಿಟ್ಟು ಮಲಗಿತ್ತು.