ರಾಹುಕಾಲದಲ್ಲಿ ಎದ್ದ ಕಂಪ್ಯೂಟರ್

‘ಇದು ನಿನ್ನ ಕೈಲಿ ಆಗೋ ಮಾತಲ್ಲ ಕಣವ್ವ’ ಎಂದು ನನ್ನ ಕಾಲೇಜಿನ ಪ್ರಾಜೆಕ್ಟಿನ ಬಗ್ಗೆ ಅಂದವರು ನಮ್ಮ ಸೋದರಮಾವ ಕೆಂಪಣ್ಣ. ಚಂದ್ರಾ ಲೇಔಟಿನಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ಅವರಿಗೆ, ನಮ್ಮ ವಂಶದಲ್ಲಿ ತಂತಿ ಮುಟ್ಟುವ ಹಕ್ಕು ತಮಗೊಬ್ಬರಿಗೇ ಇದೆಯೆಂಬ ನಂಬಿಕೆ. ಪ್ರತಿ ಮನೆಯಲ್ಲೂ ‘ಆಗಲ್ಲ’ ಎನ್ನುವುದಕ್ಕೆ ಒಬ್ಬರು ಇರಬೇಕು ಎಂಬುದು ನನ್ನ ಅನುಭವ. ಇಲ್ಲದಿದ್ದರೆ ನನ್ನಂಥ ಸೋಮಾರಿಗಳು ಯಾವುದನ್ನೂ ಮುಗಿಸುವುದಿಲ್ಲ. ಇಬ್ಬರು ಮಕ್ಕಳ ತಾಯಿಯಾದ ಮೇಲೆ, ಮೂವತ್ತಾರನೇ ವಯಸ್ಸಿನಲ್ಲಿ, ನಾನು ಬಿಸಿಎ ಓದಲು ಸಂಜೆ ಕಾಲೇಜಿಗೆ ಸೇರಿದಾಗಲೂ ಮಾವ ಹೀಗೇ ಅಂದಿದ್ದರು. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಅದುವರೆಗೆ ಡಿಗ್ರಿಯ ಮುಖ ಕಂಡವರಿರಲಿಲ್ಲ. ಹಾಗಾಗಿ ಅವರ ಮಾತನ್ನು ಸುಳ್ಳೆನ್ನಲು ನನ್ನ ಬಳಿ ಸಾಕ್ಷಿಯೂ ಇರಲಿಲ್ಲ.

ಹಗಲು ನನಗೆ ಕೆಂಗೇರಿಯ ಒಂದು ಶಾಲೆಯಲ್ಲಿ ಗುಮಾಸ್ತಿಕೆ, ಸಂಜೆ ಜ್ಞಾನಭಾರತಿಯ ಬಳಿ ಕ್ಲಾಸು. ಕಾಲೇಜಿನ ಕೆಲಸವೆಲ್ಲ ಇದ್ದದ್ದು ಕುರುಬರಹಳ್ಳಿಯ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಅದು ಎದ್ದು ಕೂತಿದ್ದರೆ ಸಾಕು, ಊಟದ ಬಿಡುವಿನಲ್ಲಿ ಕೆಂಗೇರಿಯಿಂದಲೇ ಇಂಟರ್ನೆಟ್ಟಿನ ಮೂಲಕ ಅದರೊಳಗೆ ಹೊಕ್ಕು ನಾಲ್ಕು ಸಾಲು ಬರೆಯಬಹುದಿತ್ತು. ಆದರೆ ಕರೆಂಟು ಹೋಗಿ ಬಂದರೆ ಅದು ತಾನಾಗಿ ಏಳುವ ಜಾತಿಯದಲ್ಲ. ಯಾರಾದರೂ ಬಟನ್ ಒತ್ತಬೇಕು. ಹಗಲು ಮನೆಯಲ್ಲಿ ಇರುವವರು ನಮ್ಮತ್ತೆ ಒಬ್ಬರೇ. ಅವರಿಗೇ ಫೋನ್ ಮಾಡಬೇಕು.

“ಅತ್ತೆ, ಆ ಕಂಪ್ಯೂಟರ್ ಬಟನ್ ಒಂದ್ಸಲ ಒತ್ತಿ.”

“ಇವತ್ತು ಬುಧವಾರ ಕಣಮ್ಮ. ಒಂದೂವರೆ ತನಕ ರಾಹುಕಾಲ. ಆಮೇಲೆ ಒತ್ತೀನಿ.”

“ಒಂದೂವರೆಗೆ ನನ್ನ ಊಟದ ಟೈಮೇ ಮುಗಿಯುತ್ತಲ್ಲ ಅತ್ತೆ!”

“ಹಂಗಾದ್ರೆ ಊಟ ಮಾಡು. ಹಸ್ಕೊಂಡು ಕಂಪ್ಯೂಟರ್ ಯಾಕೆ?”

ಆ ಹೊತ್ತಿಗೆ ರಾಹುಕಾಲ ಬೀಳದ ದಿನಗಳಲ್ಲಿ ಒತ್ತುತ್ತಿದ್ದರು, ಇಲ್ಲವೆನ್ನಲಾರೆ. ಒತ್ತಿದ ಮೇಲೆ ಸಂಜೆಗೆ ಬಸ್ಸಾರೋ ಉಪ್ಸಾರೋ ಎಂಬ ಪ್ರಶ್ನೆ, ಎದುರುಮನೆಯವರ ಬೋರ್‌ವೆಲ್ ಕಥೆ, ಮೊಮ್ಮಗನ ಶೂ. ಫೋನಿಡುವ ಹೊತ್ತಿಗೆ ಬಿಡುವು ಮುಗಿದಿರುತ್ತಿತ್ತು. ಕಡೆಯ ವರ್ಷದ ಪ್ರಾಜೆಕ್ಟಿಗೆ ನಾನು ವಿಷಯ ಹುಡುಕುತ್ತಿದ್ದ ಕಾಲ ಅದು. ಕೆಂಗೇರಿಯಲ್ಲಿ ಕೂತು ಕುರುಬರಹಳ್ಳಿಯ ಬಟನ್ ಒತ್ತುವುದೇ ನನ್ನ ಪ್ರಾಜೆಕ್ಟು ಎಂದು ತೀರ್ಮಾನಿಸಿಬಿಟ್ಟೆ. ಅದು ಕೈಕೊಟ್ಟರೆ ಡಿಗ್ರಿ ಮತ್ತೊಂದು ವರ್ಷ ದೂರ; ಮಾವನ ಮಾತು ಮತ್ತೊಂದು ವರ್ಷ ನಿಜ.

ವಿದ್ಯೆ ದೊಡ್ಡದೇನಲ್ಲ. ಬಟನ್ ಒತ್ತಿದಾಗ ಒಳಗೆ ಎರಡು ಸಣ್ಣ ತಂತಿಗಳು ಕ್ಷಣಕಾಲ ಕೂಡಿಕೊಳ್ಳುತ್ತವೆ, ಅಷ್ಟೇ. ಆ ಕೂಡಿಸುವ ಕೆಲಸವನ್ನು ‘ಟಿಕ್’ ಎಂದು ಮಾಡುವ ಪುಟ್ಟ ಸ್ವಿಚ್ಚೇ ರಿಲೇ. ಅದಕ್ಕೆ ಇಂಟರ್ನೆಟ್ಟಿನಿಂದ ಅಪ್ಪಣೆ ತಂದುಕೊಡಲು ಇನ್ನೊಂದು ಬೋರ್ಡು. ಒಂದು ಭಾನುವಾರ ಎಲ್ಲವನ್ನೂ ಜೋಡಿಸಿದೆ. ಕಂಪ್ಯೂಟರ್ ಎದ್ದಿತು, ನಾಲ್ಕು ಸೆಕೆಂಡಿಗೆ ಮಲಗಿತು. ಎಷ್ಟು ಸಲ ಪ್ಲಗ್ ಕಿತ್ತು ಹಾಕಿದರೂ ಅದೇ ಆಟ. ಕಾಫಿಗೆಂದು ಬಂದಿದ್ದ ಮಾವ ಕುರ್ಚಿ ಎಳೆದುಕೊಂಡು ಕೂತು ನೋಡಿದರು. “ನಿನ್ ಥರಾನೇ ಕಣವ್ವ ಇದೂನೂವೆ. ಬೆಳಿಗ್ಗೆ ಎದ್ದಂಗ್ ಮಾಡಿ ಮತ್ತೆ ಮಲಗ್ತದೆ.”

ತಪ್ಪು ಗೊತ್ತಾಗಲು ಇನ್ನೂ ಎರಡು ಭಾನುವಾರ ಬೇಕಾದವು. ರಿಲೇಗೆ ಮೂರು ಸ್ಕ್ರೂ. ಸದಾ ಕೂಡಿಕೊಂಡೇ ಇರುವ ಸ್ಕ್ರೂವಿಗೆ ನಾನು ತಂತಿ ಸಿಕ್ಕಿಸಿದ್ದೆ. ಅಂದರೆ ಯಾರೋ ಬಟನ್ ಮೇಲೆ ಹೆಬ್ಬೆರಳಿಟ್ಟು ತೆಗೆಯದೇ ನಿಂತ ಹಾಗೆ. ತಂತಿಯನ್ನು, ಅಪ್ಪಣೆ ಬಂದಾಗಷ್ಟೇ ಕೂಡುವ ಪಕ್ಕದ ಸ್ಕ್ರೂವಿಗೆ ದಾಟಿಸಿದೆ. ಕಂಪ್ಯೂಟರ್ ಎದ್ದಿತು, ಎದ್ದೇ ಇತ್ತು. ಮೂರು ಭಾನುವಾರದ ನನ್ನ ಸಂಶೋಧನೆಯ ಒಟ್ಟು ಉದ್ದ ಅರ್ಧ ಸೆಂಟಿಮೀಟರ್.

ಪರೀಕ್ಷೆ ಶುಕ್ರವಾರ ಹನ್ನೊಂದಕ್ಕೆ. ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಕೆಂಪು ಪೆನ್ನು. ಮನೆಯಲ್ಲಿ ಅತ್ತೆ ವಿಡಿಯೋ ಕಾಲಿನಲ್ಲಿ ಕಂಪ್ಯೂಟರ್ ತೋರಿಸಬೇಕು, ಇಲ್ಲಿಂದ ನಾನು ಎಬ್ಬಿಸಬೇಕು. ಅಪ್ಪಣೆ ಕೊಟ್ಟೆ. ಅಲ್ಲಿ ಪರದೆ ಝಗ್ ಎಂದು ಬೆಳಗಿತು. ನಾನು ಚಪ್ಪಾಳೆಯನ್ನೇ ಕಾಯುತ್ತಿದ್ದೆ.

“ಅಲ್ಲಮ್ಮ, ಬಟನ್ ಎಲ್ಲಿ?” ಎಂದರು ಪರೀಕ್ಷಕರು. ನೋಡಿದರೆ ಅತ್ತೆ ಫೋನನ್ನು ಪರದೆಗಷ್ಟೇ ಹಿಡಿದಿದ್ದಾರೆ. ಅವರ ಲೆಕ್ಕದಲ್ಲಿ ಕಂಪ್ಯೂಟರೆಂದರೆ ಅದೇ. ಬಟನ್ ಇರುವ ಡಬ್ಬ ಮೇಜಿನ ಕೆಳಗೆಲ್ಲೋ. “ಆ ಕಡೆ ನಿಮ್ಮೋರೇ ಕೈಯಲ್ಲಿ ಒತ್ತಿಲ್ಲ ಅಂತ ಹೆಂಗಮ್ಮ ನಂಬೋದು?”

‘ಇನ್ನೊಮ್ಮೆ ತೋರಿಸುತ್ತೇನೆ’ ಎಂದು ನಾನು ತೊದಲುವ ಮೊದಲೇ ಫೋನಿನಲ್ಲಿ ಅತ್ತೆಯ ಮುಖ ಬಂತು.

“ಯಾರಪ್ಪ ಅದು, ನಾನು ಒತ್ತಿದೆ ಅನ್ನೋರು? ಇವತ್ತು ಶುಕ್ರವಾರ. ರಾಹುಕಾಲದಲ್ಲಿ ನಾನು ಮಿಕ್ಸಿ ಸ್ವಿಚ್ಚೇ ಮುಟ್ಟಲ್ಲ ಸಾರ್, ಇದನ್ನ ಮುಟ್ತೀನಾ? ಬೇಡ ಕಣೇ, ಹನ್ನೆರಡು ಹೊಡೀಲಿ ಅಂದೆ. ಕೇಳಿದ್ಲಾ? ಅಲ್ಲಿಂದಾನೇ ಏನೋ ಮಾಡಿ ಎಬ್ಬಿಸಿಬಿಟ್ಲು. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ!”

ಪರೀಕ್ಷಕರು ಗಡಿಯಾರ ನೋಡಿಕೊಂಡರು. ಮುಖ ಸಡಿಲವಾಯಿತು. “ಸುಳ್ಳು ಹೇಳೋರ ಥರ ಕಾಣಲ್ಲ ನಿಮ್ಮತ್ತೆ” ಎಂದು ಪೆನ್ನಿನ ಮುಚ್ಚಳ ಹಾಕಿದರು. “ಪಾಸ್ ಕಣಮ್ಮ. ಅಂಕ ಮಾತ್ರ ಹನ್ನೆರಡು ಹೊಡೆದ ಮೇಲೆ ಬರೀತೀನಿ.”

ಮೂರು ವರ್ಷ ವಿಜ್ಞಾನ ಓದಿ, ಕಡೆಗೆ ರಾಹುಕಾಲದ ಸಾಕ್ಷಿಯ ಮೇಲೆ ಪಾಸಾದ ಪದವೀಧರೆ ಬೇರೆ ಯಾರಾದರೂ ಇದ್ದರೆ ತಿಳಿಸಿ, ಇಬ್ಬರೂ ಕೂತು ಕಾಫಿ ಕುಡಿಯೋಣ.

ಪದವಿ ಪತ್ರ ಬಂದ ದಿನ ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡೇ ಮನೆಗೆ ಬಂದು ಅತ್ತೆಯ ಕೈಗಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಒಂದು ಭಾಷಣಕ್ಕಾಗುವಷ್ಟು ಮಾತು ನನ್ನ ಗಂಟಲಲ್ಲಿ ಸಿದ್ಧವಾಗಿತ್ತು.

“ಚೆನ್ನಾಗೈತೆ ಕಣಮ್ಮ” ಎಂದರು ಅತ್ತೆ. “ಆದ್ರೆ ಒಂದು ಮಾತು. ಮೊದ್ಲಾದ್ರೆ ಬಟನ್ ಒತ್ತಿ ಅಂತ ದಿನಾ ಮಧ್ಯಾಹ್ನ ನಂಗೆ ಫೋನ್ ಮಾಡ್ತಿದ್ದೆ. ಈಗ ಡಬ್ಬಕ್ಕೆ ಮಾತ್ರ ಮಾಡ್ತೀಯ.”