ಮಾವ ಎಳೆದಿಟ್ಟ ಹ್ಯಾಂಡ್‌ಬ್ರೇಕ್

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಎದುರಿಗೆ ಯಾರೂ ಇಲ್ಲದಿದ್ದರೂ ಅವರು ವಾದಿಸುತ್ತಾರೆ. ಹಾಲು ಉಕ್ಕಿದರೆ ಹಾಲಿನ ಜೊತೆ, ಬಸ್ಸು ತಪ್ಪಿದರೆ ಬಸ್‌ಸ್ಟ್ಯಾಂಡಿನ ಕಂಬದ ಜೊತೆ ವಾದ ಮಾಡಿದವಳು ನಾನು. ಕಾಲೇಜಿನಲ್ಲಿ ಓದುವಾಗ ಪ್ರೇತ ಪಿಶಾಚಿಗಳೆಲ್ಲ ಮನಸ್ಸಿನ ಸೃಷ್ಟಿ ಎಂಬ ವಿಷಯದ ಪರವಾಗಿ ಮಾತಾಡಿ ಒಂದು ಕಪ್ ಗೆದ್ದೆ. ಮುಂದಿನ ವರ್ಷ ಅದೇ ವಿಷಯದ ವಿರುದ್ಧ ಮಾತಾಡಿ ಇನ್ನೊಂದು ಗೆದ್ದೆ. ಎರಡೂ ಈಗ ಅತ್ತೆಯ ಶೋಕೇಸಿನಲ್ಲಿ ಜಗಳವಿಲ್ಲದೆ ಅಕ್ಕಪಕ್ಕ ನಿಂತಿವೆ. ಹೀಗಿರುವಾಗ, ತೀರಿಕೊಂಡ ಮಾವ ಕಾರಿನ ಹಿಂದಿನ ಎಡಗಡೆಯ ಚಕ್ರದಲ್ಲಿ ಇದ್ದಾರೆ ಎಂದು ಅತ್ತೆ ಹೇಳಿದರೆ ನಾನು ಸುಮ್ಮನಿರುವುದು ಹೇಗೆ?

ಮಾವ ಎಂದರೆ ಅಮ್ಮನ ಅಣ್ಣ. ಸುಳ್ಯದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದಾಗಿನಿಂದ ನಾನು ಆಲೆಟ್ಟಿಯ ಅವರ ಮನೆಯಲ್ಲೇ ಇದ್ದೇನೆ. ಅವರು ಒಂದು ಮಧ್ಯಾಹ್ನ ಪೇಟೆಯಿಂದ ಬಂದು, ಅಂಗಳದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಕರಕರ ಎಂದು ಮೇಲಕ್ಕೆಳೆದು, ಒಳಗೆ ಬಂದು ಮಲಗಿದರು. ಮತ್ತೆ ಏಳಲಿಲ್ಲ. ಆಮೇಲೆ ಆ ಬ್ರೇಕನ್ನು ಯಾರೂ ಮುಟ್ಟಕೂಡದೆಂದು ಅತ್ತೆಯ ಆಜ್ಞೆ ಆಯಿತು. "ಅವರ ಕೈ ಕೊನೆಗೆ ಮಾಡಿದ ಕೆಲಸ ಅದು. ಇರಲಿ" ಎಂದರು. ಕಾರು ಆ ಮಳೆಗಾಲವಿಡೀ ಬ್ರೇಕು ಕಚ್ಚಿಕೊಂಡೇ ನಿಂತಿತು. ಅತ್ತೆಯೂ ಹಾಗೇ ನಿಂತರು. ಮದುವೆ, ಪೂಜೆ, ನೆರೆಮನೆ ಎಲ್ಲದಕ್ಕೂ "ಇನ್ನೊಮ್ಮೆ ನೋಡುವ" ಎಂಬ ಒಂದೇ ಉತ್ತರ. ಅಂಗಳದ ಮೆಟ್ಟಿಲು ಇಳಿಯುತ್ತಿರಲಿಲ್ಲ.

ಕೊನೆಗೆ ಒಂದು ಬೆಳಗ್ಗೆ, ಪರೀಕ್ಷೆಯ ದಿನ ಬಸ್ಸು ತಪ್ಪಿ, ನಾನು ಹೇಳದೆ ಕೇಳದೆ ಕಾರಿನೊಳಗೆ ಕೂತು ಹ್ಯಾಂಡ್‌ಬ್ರೇಕ್ ಇಳಿಸಿದೆ. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. "ಬಿಟ್ಟೆಯಾ?" ಎಂದರು. ಅಷ್ಟೇ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಆಲೆಟ್ಟಿಯಿಂದ ಸುಳ್ಯಕ್ಕೆ ಹೋಗುವ ನಮ್ಮ ದಾರಿಯಲ್ಲಿ ಒಂದು ದೊಡ್ಡ ಇಳಿಜಾರು ಉಂಟು. ಅದರ ಕೊನೆಗೆ ತಿರುವು, ತಿರುವಿನಲ್ಲಿ ಹಗಲೂ ನೆರಳು ಬಿಡದ ಪಾಲೆಮರ, ಮರದ ಬುಡದಲ್ಲಿ ಗುಳಿಗನೆಂಬ ದೈವದ ಕಲ್ಲು. ಅಲ್ಲಿ ಎಲ್ಲರೂ ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ, ಹೊಡೆಯದವಳು ನಾನೊಬ್ಬಳೇ. ಮಾವ ಮಾತ್ರ ಪ್ರತಿ ಸಲ ಕಾರು ನಿಲ್ಲಿಸಿ, ಇಳಿದು, ಸ್ವಲ್ಪ ಹೊತ್ತು ಅಲ್ಲೇ ಇರುತ್ತಿದ್ದರು. ಊರವರು ಅದನ್ನು ಭಕ್ತಿ ಎಂದರು. ನಾನು ಒಂದೆರಡು ಸಲ ಜೊತೆಯಲ್ಲಿದ್ದು ನೋಡಿದವಳು. ಗಂಟಲಿಗೆ ತೊಂದರೆಯಾಗಿ ಡಾಕ್ಟರು ಹೊಗೆಸೊಪ್ಪು ಬಿಡಿಸಿದ ಮೇಲೆ, ಅತ್ತೆಯ ಕಣ್ಣು ತಪ್ಪಿಸಿ ಎಲೆಯಡಿಕೆ ಹಾಕಲು ಮಾವನಿಗೆ ಇದ್ದ ಒಂದೇ ಜಾಗ ಅದು. "ಅತ್ತೆ ಹತ್ರ ಹೇಳಬೇಡ ಮಾರಾಯ್ತಿ" ಎಂದಿದ್ದರು. ಹೇಳಿರಲಿಲ್ಲ.

ಆ ಪರೀಕ್ಷೆಯ ದಿನ ಇಳಿಜಾರು ಮುಗಿದು ತಿರುವಿಗೆ ಬಂದಾಗ ಹಿಂದಿನಿಂದ ಒಂದು ಸ್ವರ ಬಂತು. ಯಾರೋ ಗಂಟಲು ಸರಿ ಮಾಡಿಕೊಂಡ ಹಾಗೆ. ಆಮೇಲೆ "ಹ್ಞೂಂ..." ಎಂಬ ಉದ್ದದ ನರಳಾಟ. ಮಾವ ಪೇಪರ್ ಓದುವಾಗ ಹಾಗೆಯೇ ಮಾಡುತ್ತಿದ್ದರು. ಕಾರು ತಾನಾಗಿ ನಿಧಾನವಾಗಿ, ಸರಿಯಾಗಿ ಗುಳಿಗನ ಕಲ್ಲಿನ ಎದುರು ನಿಂತಿತು. ನನ್ನ ಕಾಲು ಬ್ರೇಕಿನ ಮೇಲೆ ಇರಲಿಲ್ಲ. ಪಾಲೆಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಿಂದಿನ ಸೀಟು ನೋಡುವುದು ಅವೈಜ್ಞಾನಿಕ ಎಂದು ನನಗೆ ಗೊತ್ತಿತ್ತು. ಆದರೂ ನೋಡಿದೆ. ಮಾವನ ಹಳೆ ಕೊಡೆ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಹೊರಡಿಸಿದರೆ ಕಾರು ಏನೂ ಆಗದ ಹಾಗೆ ಹೊರಟಿತು.

ಈ ಕಥೆಯನ್ನು ತಮಾಷೆಗೆ ಹೇಳಿದ್ದೇ ನನ್ನ ತಪ್ಪು. ಮರುದಿನ ಅತ್ತೆ ಸೀರೆ ಉಟ್ಟು, ಮುಡಿಗೆ ಹೂ ಇಟ್ಟು, ಮೆಟ್ಟಿಲು ಇಳಿದು ಬಂದು ಕಾರಿನಲ್ಲಿ ಕೂತರು. ಅದೇ ತಿರುವಿನಲ್ಲಿ ಕಾರು ನಿಂತಿತು, ನರಳಿತು. ಅತ್ತೆ ಗಾಜು ಇಳಿಸಿ ಹೊರಗೆ ಯಾರಿಗೋ ಹೇಳುವಂತೆ ಹೇಳತೊಡಗಿದರು: "ಪಂಪು ಸರಿ ಆಯ್ತು. ದನ ಕರು ಹಾಕಿತು, ಹೆಣ್ಣು. ಇವಳು ರಾತ್ರಿ ಸರಿ ಊಟ ಮಾಡುದಿಲ್ಲ." ಎಂಥ ವಾದಿಗೂ ಮೈ ಜುಮ್ಮೆನ್ನುವ ಸಂಗತಿ ಎಂದರೆ, ಅಂದೂ ಆಮೇಲಿನ ದಿನಗಳಲ್ಲೂ ಅವರ ಮಾತು ಮುಗಿಯುವ ಹೊತ್ತಿಗೆ ಸರಿಯಾಗಿ ಚಕ್ರ ಬಿಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ದಿನವೂ ನನ್ನ ಜೊತೆ ಪೇಟೆಗೆ ಬಂದು, ತರಕಾರಿ ತಕ್ಕೊಂಡು, ನಾಲ್ಕು ಜನರ ಹತ್ತಿರ ಮಾತಾಡಿ, ಬಸ್ಸಿನಲ್ಲಿ ಮನೆಗೆ ಹೋಗತೊಡಗಿದರು. ಯಾವ ಸಾಂತ್ವನಕ್ಕೂ ಏಳದ ಅತ್ತೆಯನ್ನು ಒಂದು ತುಕ್ಕು ಹಿಡಿದ ಕಬ್ಬಿಣ ಎಬ್ಬಿಸಿತ್ತು.

ಹಿಂದಿನ ಎಡಚಕ್ರವೊಂದೇ ಮುಟ್ಟಲಾಗದಷ್ಟು ಕಾಯುತ್ತಿದ್ದುದನ್ನು ನೋಡಿ, ಅದು ತುಕ್ಕು ಎಂದು ನನಗೆ ಗೊತ್ತಾಗಿತ್ತು. ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್ ಎಂಬ ಭಾಗ ಮಳೆಗಾಲವಿಡೀ ಬಿಗಿದೇ ಇದ್ದು ಹಿಡಿದುಹೋಗಿತ್ತು. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಕಚ್ಚುತ್ತದೆ, ಬಿಟ್ಟರೂ ಬಿಡುವುದಿಲ್ಲ. ಕಾದು ನರಳುತ್ತದೆ, ತಣಿದ ಮೇಲೆ ಸಡಿಲಾಗುತ್ತದೆ. ಇದನ್ನೆಲ್ಲ ಅತ್ತೆಗೆ ಚಿತ್ರ ಬರೆದು ವಿವರಿಸಿದೆ. ಅವರು ಪೂರ್ತಿ ಕೇಳಿ, "ಅದು ಸರಿ. ಆದರೆ ಅಲ್ಲಿಯೇ ಎಂತಕ್ಕೆ ನಿಲ್ಲುದು?" ಎಂದರು. ಇಳಿಜಾರು ಅಲ್ಲಿ ಮುಗಿಯುವುದರಿಂದ ಎಂದೆ. "ಇಳಿಜಾರು ಅಲ್ಲಿಯೇ ಎಂತಕ್ಕೆ ಮುಗಿಯುದು?" ಎಂದರು. ಇಂಥ ಎದುರಾಳಿಗೆ ಉತ್ತರ ಹೇಳಲು ಯಾವ ತರಬೇತಿಯೂ ನನಗೆ ಸಿಕ್ಕಿರಲಿಲ್ಲ. ಹೊಗೆಸೊಪ್ಪಿನ ಸಂಗತಿ ಹೇಳಿದ್ದರೆ ಆ ಕ್ಷಣವೇ ಗೆಲ್ಲುತ್ತಿದ್ದೆ. ಬಾಯಿಯವರೆಗೆ ಬಂತು. ನುಂಗಿದೆ.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ದಿನ ಇಳಿಜಾರಿನ ನಡುವೆ ಬ್ರೇಕು ತುಳಿದರೆ ಪೆಡಲು ಮೆತ್ತಗೆ ತಳದವರೆಗೆ ಹೋಯಿತು. ಚಕ್ರದ ಕಾವಿಗೆ ಬ್ರೇಕ್ ಆಯಿಲ್ ಕುದಿದಿತ್ತು. ಸುಟ್ಟ ವಾಸನೆ, ಹಿಂದೆ ನೀಲಿ ಹೊಗೆ. ಗೇರ್ ಇಳಿಸಿ, ರಸ್ತೆಬದಿಯ ಮಣ್ಣಿನ ಧರೆಗೆ ಒರಸುತ್ತಾ ಬಂದು ಕಲ್ಲಿನ ಎದುರು ನಿಂತೆವು. ಅತ್ತೆ ಶಾಂತವಾಗಿ, "ನೋಡು, ಅವರಿದ್ದದ್ದಕ್ಕೆ ನಿಂತಿತು" ಎಂದರು. ಇನ್ನೊಂದು ಸಲ ನಿಲ್ಲದಿದ್ದರೆ ನಾವಿಬ್ಬರೂ ಹೋಗಿ ಅವರನ್ನು ಸೇರುತ್ತೇವೆ ಎಂದು ನನಗೆ ಗೊತ್ತಿತ್ತು. ಸರಿ ಮಾಡಿದರೆ ಅತ್ತೆ ಮತ್ತೆ ಮೆಟ್ಟಿಲ ಮೇಲೆಯೇ ಉಳಿಯುತ್ತಾರೆ ಎಂಬುದೂ ಗೊತ್ತಿತ್ತು.

ಗ್ಯಾರೇಜಿಗೆ ಅತ್ತೆ ಒಪ್ಪಲಿಲ್ಲ. "ಹೊರಗಿನವರು ಅವರನ್ನು ಬಿಚ್ಚುದು ಬೇಡ. ಮಾಡುದಾದರೆ ನೀನೇ ಮಾಡು." ಹಾಗಾಗಿ ಒಂದು ಭಾನುವಾರ ಮೊಬೈಲಿನಲ್ಲಿ ವೀಡಿಯೋ ಹಚ್ಚಿಟ್ಟು, ಕಾರಿಗೆ ಜಾಕಿ ಕೊಟ್ಟು, ಮುಂದಿನ ಚಕ್ರಕ್ಕೆ ಕಲ್ಲಿಟ್ಟು, ನಾನೇ ಬಿಚ್ಚಿದೆ. ಅತ್ತೆ ಕುರ್ಚಿ ಹಾಕಿಕೊಂಡು, ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಕೂತರು. ಸುತ್ತಿಗೆಯಿಂದ ಬಡಿದಾಗಲೆಲ್ಲ "ಮೆಲ್ಲ, ಮೆಲ್ಲ" ಎನ್ನುತ್ತಿದ್ದರು. ಕ್ಯಾಲಿಪರನ್ನು ಬಟ್ಟೆ ಒಣಗಿಸುವ ಸರಿಗೆಯ ತುಂಡಿನಿಂದ ತೂಗುಹಾಕಿದೆ. ಜಾರುವ ಪಿನ್ನುಗಳು ಹಳೆ ಮೊಳೆಗಳ ಹಾಗೆ ಕೆಂಪಾಗಿದ್ದವು. ಉಜ್ಜಿ, ಗ್ರೀಸು ಹಚ್ಚಿದೆ. ಪ್ಯಾಡನ್ನು ತಳ್ಳುವ ಪಿಸ್ಟನ್ ಮಾತ್ರ ಒಳಗೆ ಹೋಗಲೊಲ್ಲದು. ಕ್ಲ್ಯಾಂಪ್ ಹಾಕಿ ಒತ್ತಿದೆ, ನನ್ನ ಭಾರವನ್ನೆಲ್ಲ ಹಾಕಿ ಒತ್ತಿದೆ. ಆಮೇಲೆ ನೋಡಿದರೆ ಹಿಂದಿನ ಬ್ರೇಕಿನ ಪಿಸ್ಟನ್ನನ್ನು ಒತ್ತಬಾರದಂತೆ, ತಿರುಗಿಸುತ್ತಾ ಒಳಗೆ ಕಳಿಸಬೇಕಂತೆ. ಒತ್ತುವುದೊಂದೇ ಕಲಿತ ನನ್ನಂಥವರಿಗೆ ಇಂಥದ್ದು ಹೊಳೆಯುವುದು ತಡ.

ಎಲ್ಲ ಜೋಡಿಸಿ, ಹ್ಯಾಂಡ್‌ಬ್ರೇಕಿನ ಕೇಬಲ್ ಸಿಕ್ಕಿಸಿ, ಕ್ಯಾಲಿಪರಿನ ಬೆನ್ನ ಮೇಲಿರುವ ಪುಟ್ಟ ಕಬ್ಬಿಣದ ಕೈಯನ್ನು ಬಗ್ಗಿ ನೋಡುತ್ತಿದ್ದೆ. ಅಂಗಳದಲ್ಲಿ ಸದ್ದಿರಲಿಲ್ಲ. ಆಗ ಕರಕರ ಎಂಬ ಸ್ವರ. ನನ್ನ ಬೆರಳಿನ ಪಕ್ಕದಲ್ಲೇ ಆ ಕೈ ತಾನಾಗಿ, ನಿಧಾನವಾಗಿ ಮೇಲೆದ್ದಿತು.

ಪ್ರೇತವಿಲ್ಲ ಎಂದು ಗೆದ್ದ ಕಪ್ ಆ ಹೊತ್ತಿಗೆ ನೆನಪಾಗಲಿಲ್ಲ. "ಮಾವ..." ಎಂದು ಬಾಯಿಯಿಂದ ಬಂದೇ ಹೋಯಿತು.

"ಮಾವ ಅಲ್ಲ, ನಾನು" ಎಂದರು ಅತ್ತೆ, ಕಾರಿನೊಳಗಿನಿಂದ. ಯಾವಾಗ ಕುರ್ಚಿ ಬಿಟ್ಟು ಎದ್ದಿದ್ದರೋ. "ಅವರು ಎಳೀತಿದ್ದದ್ದು ಹೀಗೆಯೇ ಅಲ್ವಾ? ನೋಡಿದೆ."

ಮರುದಿನ ಅತ್ತೆ ಬರುತ್ತಾರೋ ಇಲ್ಲವೋ ಎಂದು ಅಂಗಳದಲ್ಲಿ ಸುಮ್ಮನೆ ಗಾಜು ಒರಸುತ್ತಾ ನಿಂತೆ. ಬಂದರು. ಇಳಿಜಾರಿನಲ್ಲಿ ಕಾರು ಹೇಳಿದ ಮಾತು ಕೇಳಿತು. ತಿರುವು ಬಂತು. ನರಳಾಟವಿಲ್ಲ, ಗಂಟಲಿನ ಸ್ವರವಿಲ್ಲ. ಆ ಮೌನ ಮೊದಲಿನ ಸ್ವರಕ್ಕಿಂತ ಹೆಚ್ಚು ಹೆದರಿಸುವಂತಿತ್ತು. ಕಲ್ಲು ಇನ್ನೇನು ದಾಟಬೇಕು, ಅತ್ತೆ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದರು. ಕಾರು ಗಕ್ಕನೆ ನಿಂತಿತು. ನನ್ನ ಹಣೆ ಸ್ಟಿಯರಿಂಗಿಗೆ ತಾಗಿತು.

"ಎಂತ ಅತ್ತೆ ಇದು! ಸಾಯ್ತಿದ್ದೆವು!"

"ಇಷ್ಟು ದಿನ ಅವರು ನಿಲ್ಲಿಸ್ತಿದ್ದರು. ಅವರನ್ನು ನೀನು ರಿಪೇರಿ ಮಾಡಿ ಆಯ್ತಲ್ಲ, ಇನ್ನು ನಾನೇ ನಿಲ್ಲಿಸಬೇಕಷ್ಟೆ" ಎಂದರು. "ಚಂದ ಹಿಡೀತದೆ, ನಿನ್ನ ಕೆಲಸ ಒಳ್ಳೆದಾಗಿದೆ." ಇಳಿದು ಹೋಗಿ, ಸೆರಗಿನ ಗಂಟು ಬಿಚ್ಚಿ ಕಲ್ಲಿನ ಬದಿಯಲ್ಲಿ ಏನೋ ಇಟ್ಟರು. ವೀಳ್ಯದೆಲೆ, ಅಡಿಕೆ, ಮತ್ತೆ ಒಂದು ತುಂಡು ಹೊಗೆಸೊಪ್ಪು.

ನಾನೂ ಇಳಿದು ಹೋದೆ. "ನಿಮಗೆ ಗೊತ್ತಿತ್ತಾ?"

"ಅಂಗಿ ಒಗೀತಿದ್ದದ್ದು ನಾನಲ್ವಾ?" ಎಂದರು ಅತ್ತೆ. "ಪಾಪ, ಅಡಗಿಸಿ ತಿನ್ನುದರಲ್ಲಿ ಅವರಿಗೆ ಒಂದು ಖುಷಿ. ನೀನು ಯಾರ ಹತ್ರವೂ ಹೇಳಬೇಡ."

ಮೊನ್ನೆ ಅತ್ತೆ ಮದುವೆಗೆಂದು ಬೆಳ್ಳಾರೆಗೆ ಹೋಗಿದ್ದರು. ಬಸ್ಸಿನಲ್ಲಿ, ಒಬ್ಬರೇ. ಕಾರಿನಲ್ಲಿ ನಾನೂ ಒಬ್ಬಳೇ. ತಿರುವನ್ನು ಕಾರು ನುಣ್ಣಗೆ ದಾಟಿತು, ಭೌತಶಾಸ್ತ್ರ ಹೇಳಿದ ಹಾಗೆಯೇ. ವಾದದಲ್ಲಿ ನಾನು ಪೂರ್ತಿಯಾಗಿ ಗೆದ್ದಿದ್ದೆ. ಸ್ವಲ್ಪ ಮುಂದೆ ಹೋದ ಮೇಲೆ ರಿವರ್ಸ್ ಗೇರ್ ಹಾಕಿ, ಪಾಲೆಮರದ ನೆರಳಿಗೆ ಹಿಂದೆ ಬಂದು, ಹ್ಯಾಂಡ್‌ಬ್ರೇಕ್ ಎಳೆದು ಕೂತೆ. ರಿಪೇರಿ ಮಾಡಿದ ಮೇಲೆ ಸರಿ ಹಿಡಿಯುತ್ತದೋ ಇಲ್ಲವೋ ಎಂದು ಆಗಾಗ ಪರೀಕ್ಷಿಸುತ್ತಿರಬೇಕಲ್ಲ. ಗಾಜು ಇಳಿಸಿದ್ದು ಸೆಖೆಗೆ. ಕರುವಿಗೆ ಈಗ ಕೊಂಬು ಮೂಡಿದೆ ಎಂದು ಹೇಳಿದ್ದು ಮಾತ್ರ ಯಾರಿಗೆ ಎಂದು ನೀವು ಕೇಳಬಾರದು.