ಆರ್ಡರ್ ಇಲ್ಲದ ಕೇಕು

ಬೇಕರಿಯ ಕೇಕ್ ಮಾಸ್ಟರಿಗೆ ಬೆಳಗ್ಗೆ ಕಣ್ಣಿನ ಡಾಕ್ಟರಮ್ಮ ಒಂದು ಫೋಟೊ ಕೊಟ್ಟರು. ಮಾಸ್ಟರದೇ ಬಲಗಣ್ಣಿನ ಒಳಪರದೆ, ಅಂದರೆ ರೆಟಿನಾದ ಫೋಟೊ. ದುಂಡಗೆ, ಕಿತ್ತಳೆ ಬಣ್ಣ, ಮೇಲೆಲ್ಲ ಕವಲೊಡೆದ ಕೆಂಪು ಎಳೆಗಳು, ಒಂದು ಪಕ್ಕಕ್ಕೆ ಹಳದಿ ಬಿಲ್ಲೆ.

“ಈ ಎಳೆಗಳು ರಕ್ತನಾಳ. ತೂಕ ಏರಿದ್ರೆ ಬಿಪಿ, ಶುಗರ್ ಹಿಂದೇನೇ ಬರ್ತವೆ. ಪೆಟ್ಟು ಬೀಳೋದು ಇವಕ್ಕೆ. ನೋಡಿ, ಇಲ್ಲಿ ಆಗಲೇ ಸ್ವಲ್ಪ ರಕ್ತ ಜಿನುಗಿದೆ. ತೂಕ ಇಳಿಸಿ.”

“ನಾನು ತಿನ್ನೋದು ಬಾಯಲ್ಲಿ ಡಾಕ್ಟ್ರೇ. ಕಣ್ಣು ಯಾಕೆ ಮಧ್ಯೆ ಬಂತು?”

“ಕಣ್ಣೇ ಹೋದ್ರೆ ಕ್ರೀಮಲ್ಲಿ ಗುಲಾಬಿ ಹೇಗೆ ಬಿಡಿಸ್ತೀರಿ?”

ಮಾಸ್ಟರಿಗೆ ನಿಜಕ್ಕೂ ಭಯವಾಯಿತು. ಆದರೆ ಹೆಂಡತಿಯ ಭಯ ಅದಕ್ಕಿಂತ ದೊಡ್ಡದು. ಬೇಕರಿಯ ಪಕ್ಕದಲ್ಲೇ ಅವಳ ಹೊಲಿಗೆ ಅಂಗಡಿ. ವಿಷಯ ಗೊತ್ತಾದರೆ ವರ್ಷಗಟ್ಟಲೆ ಅವರ ಜೇಬಿನಲ್ಲಿದ್ದ ರುಚಿ ನೋಡುವ ಚಮಚ ಅವತ್ತೇ ಜಪ್ತಿ. ಅದು ಚಮಚ ಅನ್ನುವುದಕ್ಕಿಂತ ಸೌಟು ಅನ್ನುವುದೇ ಸರಿ.

ಪರೀಕ್ಷೆಗೆಂದು ಕಣ್ಣಿಗೆ ಡ್ರಾಪ್ಸ್ ಹಾಕಿದ್ದರಿಂದ ಹತ್ತಿರದ್ದೆಲ್ಲ ಮಸುಕು. ಕರಿ ಕನ್ನಡಕ ಹಾಕಿಕೊಂಡು ತಡವರಿಸುತ್ತ ಬೇಕರಿಗೆ ಬಂದರೆ, ಒಳಗೆ ಹೆಂಡತಿಯೇ ನಿಂತಿದ್ದಳು.

“ಏನಂದ್ರು ರೀ?”

“ಏನಿಲ್ಲ ಕಣೇ. ಕಣ್ಣು ಕನ್ನಡಿ ಥರ ಇದೆಯಂತೆ,” ಎನ್ನುತ್ತ ಮಾಸ್ಟರು ಫೋಟೊವನ್ನು ಬೆನ್ನ ಹಿಂದೆಯೇ ಗೋಡೆಯ ಕ್ಲಿಪ್ಪಿಗೆ ಸಿಕ್ಕಿಸಿದರು. ಗಿರಾಕಿಗಳು ‘ಇಂಥದೇ ಕೇಕ್ ಬೇಕು’ ಎಂದು ಕೊಟ್ಟುಹೋದ ಚಿತ್ರಗಳು ಇರುವುದು ಅದೇ ಕ್ಲಿಪ್ಪಿನಲ್ಲಿ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಅವತ್ತು ಮಾಸ್ಟರ ಬದಲು ಕೇಕಿಗೆ ಕೈ ಹಾಕಿದ್ದು ಬಿಸ್ಕೆಟ್ ಮಾಡುವ ಅಕ್ಕ.

“ಮಾಸ್ಟ್ರೇ, ಇದ್ಯಾವುದೋ ವಿಚಿತ್ರ ಆರ್ಡರು. ಕಿತ್ತಳೆ ಮೇಲೆ ಬೇರು ಬಿಟ್ಟ ಹಾಗಿದೆ.”

“ಗಿರಾಕಿ ಕೇಳಿದ್ದು ಮಾಡಕ್ಕಾ. ನಮಗ್ಯಾಕೆ ಅದು?” ಎಂದ ಮಾಸ್ಟರು ಚಿತ್ರದ ಕಡೆ ತಿರುಗದೆಯೇ ಕ್ರೀಮಿನ ರುಚಿ ನೋಡಿದರು. ಇದೇ ಕೊನೆ ಅಂದುಕೊಂಡು ಮತ್ತೊಮ್ಮೆ ನೋಡಿದರು.

ಸಂಜೆಯಾದರೂ ಆ ಕೇಕು ಕೇಳಿಕೊಂಡು ಯಾರೂ ಬರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಅದನ್ನು ನೋಡಿ ದಿನಾ ಬನ್ನು ತಿನ್ನಲು ಬರುವ ರಿಟೈರ್ಡ್ ಮೇಷ್ಟ್ರು, “ಸೂರ್ಯ ಮುಳುಗ್ತಿದ್ದಾನೆ,” ಅಂದರು. ಹೊಲಿಗೆ ಅಂಗಡಿ ಮುಚ್ಚಿ ಬಂದ ಮಾಸ್ಟರ ಹೆಂಡತಿ, “ಯಾರೋ ಗೀಚಿದ ಹಾಗಿದೆ,” ಅಂದಳು. ಅಷ್ಟರಲ್ಲಿ ಬ್ರೆಡ್ ಕೊಳ್ಳಲು ಬಂದ ಡಾಕ್ಟರಮ್ಮ ಗಾಜಿನ ಮುಂದೆ ನಿಂತೇಬಿಟ್ಟರು.

“ಅರೆ, ಇದು ರೆಟಿನಾ. ಅದೂ ಬಲಗಣ್ಣು. ಜಿನುಗಿದ ಜಾಗ ಕೂಡ ಇದೆಯಲ್ಲ.”

“ಫೋಟೋಲಿ ಇತ್ತು, ಅದಕ್ಕೇ ಒಂದು ತೊಟ್ಟು ಜಾಮ್ ಹಾಕಿದೆ,” ಅಂದಳು ಅಕ್ಕ.

ಈಗ ಕಣ್ಣು ತಿಳಿಯಾಗಿದ್ದ ಮಾಸ್ಟರಿಗೆ ಎಲ್ಲವೂ ಚೆನ್ನಾಗಿಯೇ ಕಾಣಿಸಿತು. ಕಂಬದ ಹಿಂದೆ ಅಡಗಿದರು. ಹೊಟ್ಟೆ ಮಾತ್ರ ಹೊರಗೇ ಉಳಿಯಿತು. ಅಲ್ಲಿಂದಲೇ ಡಾಕ್ಟರಮ್ಮನಿಗೆ ಕೈ ಮುಗಿದರು.

“ಯಾರ ಕಣ್ಣು ಡಾಕ್ಟ್ರೇ?” ಹೆಂಡತಿ ಕೇಳಿದಳು.

ಡಾಕ್ಟರಮ್ಮ ಕಂಬದ ಕಡೆ ನೋಡಿ ಕೆಮ್ಮಿದರು. “ಅದು ಹೇಳೋ ಹಾಗಿಲ್ಲಮ್ಮ. ರೋಗಿಯ ಗುಟ್ಟು.”

ಮಾಸ್ಟರಿಗೆ ಹೋದ ಜೀವ ಬಂದಂತಾಯಿತು.

ಯಾರೂ ಕೇಳದ ಕೇಕು ನಾಳೆಗೆ ಹಳಸುತ್ತದೆಂದು ಬೇಕರಿಯ ಮಾಲೀಕರು ಅಲ್ಲಿದ್ದವರಿಗೆಲ್ಲ ಹಂಚಿಸಿದರು. ಮೇಷ್ಟ್ರು ತಿಂದರು, ಅಕ್ಕ ತಿಂದಳು, ಡಾಕ್ಟರಮ್ಮನೂ ಸಂಕೋಚದಿಂದ ಒಂದು ತುಂಡು ತಿಂದರು. ಮಾಸ್ಟರು ತುಟಿ ಕಚ್ಚಿ ಸಹಿಸಿದರು. ಕೊನೆಗೆ ಜಾಮಿದ್ದ ತುಂಡೊಂದೇ ಉಳಿಯಿತು. ಮೇಷ್ಟ್ರು ಎರಡನೇ ಸಲ ಅದಕ್ಕೆ ಕೈ ಚಾಚಿದಾಗ ಮಾಸ್ಟರು ಕಂಬ ಬಿಟ್ಟು ಹೊರಗೆ ಬಂದರು.

“ಇದು ಅನ್ಯಾಯ ಮೇಷ್ಟ್ರೇ. ನನ್ನ ಕಣ್ಣು, ನನಗೇ ಒಂದು ತುಂಡಿಲ್ವಾ?”

ಮೇಷ್ಟ್ರು ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಹೆಂಡತಿ ಹತ್ತಿರ ಬಂದು, ಮಾಸ್ಟರ ಜೇಬಿನಿಂದ ಆ ಚಮಚ ತೆಗೆದುಕೊಂಡು, ಅದರಲ್ಲೇ ಕೊನೆಯ ತುಂಡನ್ನು ನಿಧಾನವಾಗಿ ತಿಂದು ಮುಗಿಸಿದಳು.

“ಚೆನ್ನಾಗಿದೆ ರೀ,” ಎನ್ನುತ್ತ ಚಮಚವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. “ಜಾಮ್ ಮಾತ್ರ ಸ್ವಲ್ಪ ಜಾಸ್ತಿ.”